ಅಗೆಯುವ ಮುನ್ನ ಬಸಿಯಬೇಕು: ಪೈಕ್ ರಿವರ್ ಗಣಿ ಕಲಿಸಿದ ಪಾಠ

(ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಅಡಿಕೆ ತೋಟ ಮಾಡುವವರಿಗೆ ಬಸಿಗಾಲುವೆಯ ಮಹತ್ತ್ವವನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ತೋಟದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ, ಮರ ಸೊರಗುತ್ತದೆ. ಆದುದರಿಂದ ಕಾಲುವೆಯ ಹೂಳನ್ನು ಮಳೆಗಾಲಕ್ಕೆ ಮೊದಲೇ ತೆಗೆಯುತ್ತಾರೆ. ಆರಿದ್ರಾ ಮಳೆ ಹಿಡಿದ ಮೇಲೆ ಗುದ್ದಲಿ ಹಿಡಿದು ಹೊರಟವನಿಗೆ ಆ ವರ್ಷದ ಫಸಲು ಕೈಗೆ ಸಿಗುವುದಿಲ್ಲ. ಇದೇ ವಿವೇಕವು ಭೂಮಿಯ ಆಳದಲ್ಲಿರುವ ಕಲ್ಲಿದ್ದಲು ಗಣಿಗೂ ಅನ್ವಯಿಸುತ್ತದೆ. ಅಲ್ಲಿ ಬಸಿಯಬೇಕಾದುದು ನೀರನ್ನಷ್ಟೇ ಅಲ್ಲ, ಮೀಥೇನ್ ಎಂಬ ಅನಿಲವನ್ನು. ಅಲ್ಲಿ ಬಸಿಗಾಲುವೆಯ ಕೆಲಸ ಮಾಡುವುದು ಕೊಳವೆಬಾವಿ. ಕಾಲ ಮೀರಿದರೆ ಅಲ್ಲಿ ಹೋಗುವುದು ಫಸಲಲ್ಲ, ಮನುಷ್ಯರ ಪ್ರಾಣ.

ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿಗಳಿಲ್ಲ. ಹಾಗಿರುವಾಗ ಮಲೆನಾಡಿನ ಜನ ಈ ವಿಷಯವನ್ನು ಏಕೆ ಆಲಿಸಬೇಕೆಂಬ ಪ್ರಶ್ನೆ ಸಹಜವಾದುದು. ಇದಕ್ಕೆ ಎರಡು ಉತ್ತರಗಳಿವೆ. ಮೊದಲನೆಯದು, ರಾಯಚೂರಿನ ಶಾಖೋತ್ಪನ್ನ ಸ್ಥಾವರಕ್ಕೆ ಹೊರರಾಜ್ಯಗಳ ಗಣಿಗಳಿಂದ ಕಲ್ಲಿದ್ದಲು ಬರುತ್ತದೆ. ಹಳ್ಳಿಯ ಮನೆಯ ದೀಪಕ್ಕೂ ಗಣಿಯ ಕತ್ತಲೆಗೂ ಸಂಬಂಧವಿದೆ. ಎರಡನೆಯದು ಇನ್ನೂ ಮುಖ್ಯವಾದುದು. ಗುಡ್ಡವೊಂದನ್ನು ತೆರೆಯುವ ಮುನ್ನ ಅದರ ಒಡಲನ್ನು ಎಷ್ಟು ಅರಿತಿರಬೇಕು, ಅರಿಯದೆ ತೆರೆದರೆ ಏನಾಗುತ್ತದೆ ಎಂಬುದು ಎಲ್ಲ ಗುಡ್ಡನಾಡುಗಳಿಗೂ ಸೇರಿದ ಪ್ರಶ್ನೆ. ಅದಕ್ಕೆ ಅತ್ಯಂತ ಸ್ಪಷ್ಟವಾದ, ಅತ್ಯಂತ ದುಃಖಕರವಾದ ಉತ್ತರ ನ್ಯೂಜಿಲೆಂಡಿನ ಒಂದು ಪರ್ವತದಲ್ಲಿ ದೊರೆತಿದೆ.

ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಪಶ್ಚಿಮ ಕರಾವಳಿಗೆ ಹೊಂದಿಕೊಂಡು ಪಾಪರೋವಾ ಎಂಬ ಪರ್ವತಶ್ರೇಣಿಯಿದೆ. ದಟ್ಟವಾದ ಕಾಡು, ಕಡಿದಾದ ಕಣಿವೆಗಳು, ವರ್ಷವಿಡೀ ಸುರಿಯುವ ಮಳೆ. ಮಲೆನಾಡಿನವರಿಗೆ ಆ ಚಿತ್ರ ಅಪರಿಚಿತವೆನಿಸದು. ಆ ಶ್ರೇಣಿಯೊಳಗಿನ ಪೈಕ್ ರಿವರ್ ಎಂಬ ಕಲ್ಲಿದ್ದಲು ಗಣಿಯಲ್ಲಿ 2010ರ ನವೆಂಬರ್ 19ರಂದು ಮಧ್ಯಾಹ್ನ ಮೂರೂಮುಕ್ಕಾಲರ ಸುಮಾರಿಗೆ ಮೀಥೇನ್ ಸ್ಫೋಟಿಸಿತು. ಒಳಗಿದ್ದ 31 ಮಂದಿಯಲ್ಲಿ ಇಬ್ಬರು ಮಾತ್ರ ಹೊರಬಂದರು. ಉಳಿದ 29 ಮಂದಿ ಮರಳಲಿಲ್ಲ. ಅವರಲ್ಲಿ ಅತ್ಯಂತ ಕಿರಿಯನಿಗೆ 17 ವರ್ಷ, ಹಿರಿಯರಿಗೆ 62 ವರ್ಷ. ಅಲ್ಲಿ ನಡೆದುದನ್ನು ತಿಳಿಯಬೇಕಾದರೆ ಮೊದಲು ಕಲ್ಲಿದ್ದಲಿಗೂ ಮೀಥೇನಿಗೂ ಇರುವ ನಂಟನ್ನು ಅರಿಯಬೇಕು.

ಕಲ್ಲಿದ್ದಲು ಹೊತ್ತಿರುವ ಅನಿಲ

ಮೀಥೇನ್ ಹಳ್ಳಿಗರಿಗೆ ಹೊಸತಲ್ಲ. ಗೋಬರ್ ಗ್ಯಾಸಿನ ಒಲೆಯಲ್ಲಿ ನೀಲಿಯಾಗಿ ಉರಿಯುವುದು ಅದೇ. ನೀರು ನಿಂತ ಗದ್ದೆಯ ಕೆಸರನ್ನು ಕೋಲಿನಿಂದ ಕಲಕಿದಾಗ ಗುಳ್ಳೆಯಾಗಿ ಏಳುವುದೂ ಅದೇ. ಗಾಳಿಯ ಸಂಪರ್ಕವಿಲ್ಲದೆ ಸಸ್ಯಾಂಶ ಕೊಳೆತಲ್ಲೆಲ್ಲ ಅದು ಹುಟ್ಟುತ್ತದೆ. ಕಲ್ಲಿದ್ದಲೂ ಮೂಲತಃ ಸಸ್ಯವೇ. ಕೋಟ್ಯಂತರ ವರ್ಷಗಳ ಹಿಂದೆ ಜೌಗಿನಲ್ಲಿ ಹೂತುಹೋದ ಗಿಡಮರಗಳು ಒತ್ತಡಕ್ಕೂ ಶಾಖಕ್ಕೂ ಸಿಕ್ಕಿ ಇದ್ದಲಾಗುವಾಗ ಅಪಾರ ಪ್ರಮಾಣದ ಮೀಥೇನ್ ಉಂಟಾಯಿತು. ಅದರಲ್ಲಿ ಒಂದು ಪಾಲು ಹೊರಗೆ ಹೋಯಿತು, ಮತ್ತೊಂದು ಪಾಲು ಕಲ್ಲಿದ್ದಲಿನಲ್ಲಿಯೇ ಉಳಿಯಿತು.

ಅದು ಉಳಿದ ಬಗೆ ವಿಶೇಷವಾದುದು. ಕಲ್ಲಿದ್ದಲು ನೋಡಲು ಗಟ್ಟಿಯಾದರೂ ಅದರೊಳಗೆ ಕಣ್ಣಿಗೆ ಕಾಣದ ಅಸಂಖ್ಯಾತ ರಂಧ್ರಗಳಿವೆ. ಒಂದು ಗ್ರಾಂ ಕಲ್ಲಿದ್ದಲಿನ ಒಳಮೈಯನ್ನು ಬಿಡಿಸಿ ಹಾಸಲು ಸಾಧ್ಯವಾದರೆ ಅದು ಹತ್ತಾರು ಚದರ ಮೀಟರ್ ಜಾಗವನ್ನು ಆವರಿಸುತ್ತದೆ. ಆ ಒಳಮೈಗೆ ಮೀಥೇನಿನ ಅಣುಗಳು ಅಂಟಿಕೊಂಡಿರುತ್ತವೆ. ಅವುಗಳನ್ನು ಅಲ್ಲಿ ಹಿಡಿದಿಟ್ಟಿರುವುದು ಮೇಲಿನ ಬಂಡೆಯ ಭಾರ ಮತ್ತು ಪದರದ ಸೀಳುಗಳಲ್ಲಿ ತುಂಬಿದ ನೀರಿನ ಒತ್ತಡ. ಸಾಮಾನ್ಯವಾಗಿ ಆಳ ಹೆಚ್ಚಿದಂತೆ ಅನಿಲವೂ ಹೆಚ್ಚುತ್ತದೆ. ಆಳದ ಪದರಗಳಲ್ಲಿ ಒಂದು ಟನ್ ಕಲ್ಲಿದ್ದಲು ಹತ್ತು, ಹದಿನೈದು ಘನ ಮೀಟರ್ ಮೀಥೇನನ್ನು ಹೊತ್ತಿರುವುದು ಅಪರೂಪವಲ್ಲ. ಗಣಿಯ ಸುರಂಗ ಪದರವನ್ನು ಕೊರೆದೊಡನೆ ಒತ್ತಡ ಇಳಿಯುತ್ತದೆ, ಅಂಟಿಕೊಂಡಿದ್ದ ಅನಿಲ ಬಿಡಿಸಿಕೊಂಡು ಹೊರಗೆ ನುಗ್ಗುತ್ತದೆ.

ಗಾಳಿಯಲ್ಲಿ ಮೀಥೇನಿನ ಪ್ರಮಾಣ ಶೇಕಡ 5ರಿಂದ 15ರೊಳಗೆ ಇದ್ದಾಗ ಒಂದು ಕಿಡಿ ಸಾಕು, ಅದು ಸ್ಫೋಟಿಸುತ್ತದೆ. ಶೇಕಡ ಒಂಬತ್ತೂವರೆಯ ಸುಮಾರಿನಲ್ಲಿ ಅದರ ಉಗ್ರತೆ ಅತ್ಯಧಿಕ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಗಿಂತ ಹಗುರವಾದುದರಿಂದ ಸುರಂಗದ ಮಾಳಿಗೆಗೆ ಅಂಟಿಕೊಂಡು ಪದರವಾಗಿ ನಿಲ್ಲುತ್ತದೆ. ಭಾರತದ ಗಣಿಗಳೂ ಇದಕ್ಕೆ ಬೆಲೆ ತೆತ್ತಿವೆ. 1965ರಲ್ಲಿ ಧನಬಾದ್ ಪ್ರದೇಶದ ಢೋರಿ ಗಣಿಯ ಸ್ಫೋಟದಲ್ಲಿ 268 ಮಂದಿ ಸತ್ತರು. 2006ರಲ್ಲಿ ಅದೇ ಪ್ರದೇಶದ ಭಾಟ್‌ಡೀಹ್ ಗಣಿಯಲ್ಲಿ ಸುಮಾರು 50 ಮಂದಿ ಪ್ರಾಣ ಕಳೆದುಕೊಂಡರು.

ಗಾಳಿಯೊಂದೇ ಏಕೆ ಸಾಲದು

ಗಣಿಯೊಳಕ್ಕೆ ದೊಡ್ಡ ಫ್ಯಾನುಗಳಿಂದ ಗಾಳಿಯನ್ನು ಹರಿಸಿ ಮೀಥೇನನ್ನು ತೆಳುವಾಗಿಸಿ ಹೊರಗೆ ಕಳುಹಿಸುವುದು ಹಳೆಯ ಉಪಾಯ. ಇಂದಿಗೂ ಅದೇ ಮೊದಲ ಉಪಾಯ. ಆದರೆ ಅದಕ್ಕೊಂದು ಮಿತಿಯುಂಟು. ವಿದ್ಯಾರ್ಥಿಗಳು ಈ ಲೆಕ್ಕವನ್ನು ಮಾಡಿ ನೋಡಬಹುದು.

ಒಂದು ಗಣಿ ದಿನಕ್ಕೆ 2,000 ಟನ್ ಕಲ್ಲಿದ್ದಲು ಕಡಿಯುತ್ತದೆ, ಪ್ರತಿ ಟನ್ನಿನಿಂದ 10 ಘನ ಮೀಟರ್ ಮೀಥೇನ್ ಹೊರಬೀಳುತ್ತದೆ ಎಂದಿಟ್ಟುಕೊಳ್ಳೋಣ. ಆಗ ದಿನಕ್ಕೆ 20,000 ಘನ ಮೀಟರ್ ಮೀಥೇನ್ ಉಂಟಾಯಿತು. ಗಣಿಯಿಂದ ಮರಳಿ ಹೋಗುವ ಗಾಳಿಯಲ್ಲಿ ಮೀಥೇನ್ ಶೇಕಡ 0.75ನ್ನು ಮೀರಬಾರದೆಂಬುದು ಭಾರತದ ಗಣಿ ನಿಯಮ. ಅದರಂತೆ ನಡೆಯಬೇಕಾದರೆ ದಿನಕ್ಕೆ ಸುಮಾರು 27 ಲಕ್ಷ ಘನ ಮೀಟರ್, ಅಂದರೆ ಸೆಕೆಂಡಿಗೆ 31 ಘನ ಮೀಟರ್ ಗಾಳಿ ಹರಿಯಬೇಕು. ಆದರೆ ಕಡಿದ ಪದರದಿಂದ ಮಾತ್ರವೇ ಅನಿಲ ಬರುವುದಿಲ್ಲ. ಮೇಲಿನ ಮತ್ತು ಕೆಳಗಿನ ಪದರಗಳೂ ಬಿರಿದು ತಮ್ಮ ಪಾಲನ್ನು ಸೇರಿಸುತ್ತವೆ. ಒಟ್ಟು ಅನಿಲ ಮೂರು ಪಟ್ಟಾದರೆ ಗಾಳಿಯೂ ಮೂರು ಪಟ್ಟು, ಅಂದರೆ ಸೆಕೆಂಡಿಗೆ 90 ಘನ ಮೀಟರಿಗೂ ಮಿಗಿಲಾಗಿ ಬೇಕು. ಇಕ್ಕಟ್ಟಾದ ಸುರಂಗದಲ್ಲಿ ಅಷ್ಟು ಗಾಳಿಯನ್ನು ನುಗ್ಗಿಸಿದರೆ ಇದ್ದಲಿನ ದೂಳು ಏಳುತ್ತದೆ. ಆ ದೂಳೂ ಸ್ಫೋಟಕವೇ.

ಆದುದರಿಂದ ಅನಿಲ ಗಣಿಯ ಗಾಳಿಗೆ ಸೇರುವ ಮೊದಲೇ ಅದನ್ನು ಕಲ್ಲಿದ್ದಲಿನಿಂದ ಬಸಿದು ಕೊಳವೆಯ ಮೂಲಕ ಹೊರಗೆ ಸಾಗಿಸಬೇಕು. ಜರ್ಮನಿಯ ರೂರ್ ಪ್ರದೇಶದ ಮಾನ್ಸ್‌ಫೆಲ್ಟ್ ಗಣಿಯಲ್ಲಿ 1943ರಲ್ಲಿ ಈ ಕ್ರಮ ದೊಡ್ಡ ಪ್ರಮಾಣದಲ್ಲಿ ಯಶಸ್ವಿಯಾಯಿತು. ಅನಂತರ ಅದು ಹಲವು ದೇಶಗಳಿಗೆ ಹರಡಿತು. ಅರ್ಧದಷ್ಟು ಅನಿಲವನ್ನು ಮೊದಲೇ ಬಸಿದರೆ ಬೇಕಾಗುವ ಗಾಳಿಯೂ ಅರ್ಧಕ್ಕೆ ಇಳಿಯುತ್ತದೆಂಬುದನ್ನು ಮೇಲಿನ ಲೆಕ್ಕವೇ ಹೇಳುತ್ತದೆ.

ಬಸಿಯುವ ಬಾವಿಯ ಯೋಜನೆ

ಹಳ್ಳಿಯಲ್ಲಿ ನೀರಿಗಾಗಿ ಬೋರ್ ಕೊರೆಸುವವರು ಒಂದು ಸ್ಥಳವನ್ನು ಗುರುತಿಸಿ, ಯಂತ್ರವನ್ನು ತರಿಸಿ, ಒಂದೆರಡು ದಿನಗಳಲ್ಲಿ ಕೆಲಸ ಮುಗಿಸುತ್ತಾರೆ. ಮೀಥೇನ್ ಬಸಿಯುವ ಬಾವಿ ಹಾಗಲ್ಲ. ಅದರ ಯೋಜನೆ ಗಣಿಯ ಯೋಜನೆಯ ಜೊತೆಯಲ್ಲಿಯೇ, ಅನೇಕ ವೇಳೆ ಅದಕ್ಕಿಂತ ಮೊದಲೇ ಆರಂಭವಾಗಬೇಕು.

ಮೊದಲನೆಯ ಕೆಲಸ ಅಳತೆ. ನೆಲದ ಮೇಲಿನಿಂದ ಅನ್ವೇಷಣೆಯ ಬಾವಿಗಳನ್ನು ಕೊರೆದು ಕಲ್ಲಿದ್ದಲಿನ ಉರುಳೆಯಾಕಾರದ ತುಣುಕುಗಳನ್ನು ಮೇಲೆತ್ತುತ್ತಾರೆ. ಅವುಗಳನ್ನು ಕೂಡಲೇ ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿ, ಬಿಡುಗಡೆಯಾಗುವ ಅನಿಲವನ್ನು ದಿನಗಟ್ಟಲೆ, ವಾರಗಟ್ಟಲೆ ಅಳೆಯುತ್ತಾರೆ. ಕೊನೆಗೆ ತುಣುಕನ್ನು ಪುಡಿಮಾಡಿ ಉಳಿದ ಅನಿಲವನ್ನೂ ಲೆಕ್ಕಕ್ಕೆ ಸೇರಿಸುತ್ತಾರೆ. ಅನಿಲ ಎಷ್ಟಿದೆ ಎಂಬುದಷ್ಟೇ ತಿಳಿದರೆ ಸಾಲದು. ಆ ಕಲ್ಲಿದ್ದಲು ಅನಿಲಕ್ಕೆ ಎಷ್ಟು ಸಲೀಸಾಗಿ ದಾರಿ ಬಿಡುತ್ತದೆ, ಪದರದಲ್ಲಿ ನೀರಿನ ಒತ್ತಡವೆಷ್ಟು, ಬಂಡೆ ಎಲ್ಲಿ ಸೀಳಿದೆ, ಪದರ ಎಲ್ಲಿ ಮೇಲೆ ಕೆಳಗೆ ಜಾರಿದೆ ಎಂಬುದೂ ತಿಳಿಯಬೇಕು. ಮರಳುಮಣ್ಣಿನಲ್ಲಿ ನೀರು ಬೇಗ ಬಸಿಯುತ್ತದೆ, ಜೇಡಿಮಣ್ಣಿನಲ್ಲಿ ಬಸಿಗಾಲುವೆಗಳನ್ನು ಹತ್ತಿರ ಹತ್ತಿರ ತೋಡಬೇಕಾಗುತ್ತದೆ. ಕಲ್ಲಿದ್ದಲಿನ ಪದರಗಳಲ್ಲಿಯೂ ಇದೇ ಭೇದವುಂಟು.

ಎರಡನೆಯದು ಬಾವಿಯ ಬಗೆಯನ್ನು ಆರಿಸುವುದು. ನೆಲದ ಮೇಲಿನಿಂದ ನೇರವಾಗಿ ಪದರದವರೆಗೆ ಕೊರೆಯುವ ಬಾವಿ ಒಂದು ಬಗೆ. ಇದು ಗಣಿ ಆ ಜಾಗಕ್ಕೆ ತಲುಪುವುದಕ್ಕೆ ವರ್ಷಗಳ ಮುಂಚೆಯೇ ಸಿದ್ಧವಾಗಿರಬೇಕು. ನೇರವಾಗಿ ಇಳಿದು ಮೆಲ್ಲನೆ ಬಾಗಿ ಪದರದೊಳಗೇ ಅಡ್ಡಲಾಗಿ ಬಹುದೂರ ಸಾಗುವ ಬಾವಿ ಇನ್ನೊಂದು ಬಗೆ. ಗಣಿಯ ಸುರಂಗದೊಳಗೆ ಯಂತ್ರವನ್ನಿಟ್ಟು ಮುಂದಿನ ಕಲ್ಲಿದ್ದಲಿನೊಳಕ್ಕೆ ಅಡ್ಡರಂಧ್ರಗಳನ್ನು ಕೊರೆಯುವುದು ಮೂರನೆಯ ಬಗೆ. ಇದಕ್ಕೆ ನೆಲದ ಮೇಲೆ ಮರ ಕಡಿಯಬೇಕಾಗಿಲ್ಲ. ಕಲ್ಲಿದ್ದಲು ತೆಗೆದ ಮೇಲೆ ಉಳಿಯುವ ಟೊಳ್ಳಿನಲ್ಲಿ ಮಾಳಿಗೆ ಕುಸಿದು ಅನಿಲ ತುಂಬಿಕೊಳ್ಳುತ್ತದೆ. ಅದನ್ನು ಹೀರಿ ತೆಗೆಯಲು ಕೊರೆಯುವ ಬಾವಿ ನಾಲ್ಕನೆಯದು. ಮೊದಲ ಮೂರು ಕಡಿಯುವ ಮುನ್ನ ಬಸಿಯುವವು, ಕೊನೆಯದು ಕಡಿದ ಮೇಲೆ ಬಸಿಯುವುದು. ಅನಿಲ ಅಧಿಕವಾಗಿರುವ ಗಣಿಗಳಲ್ಲಿ ಎರಡೂ ಬೇಕಾಗುತ್ತವೆ.

ಮೂರನೆಯದು ದಿಕ್ಕು ಮತ್ತು ಅಂತರ. ಕಲ್ಲಿದ್ದಲಿನಲ್ಲಿ ಸಹಜವಾದ ಸೀಳುಗೆರೆಗಳಿರುತ್ತವೆ. ಮರಕ್ಕೆ ನಾರಿನ ದಿಕ್ಕು ಇರುವಂತೆ ಈ ಗೆರೆಗಳಿಗೂ ಒಂದು ದಿಕ್ಕುಂಟು. ಮುಖ್ಯ ಗೆರೆಗಳನ್ನು ಅಡ್ಡಹಾಯುವಂತೆ ಕೊರೆದ ರಂಧ್ರವು ಹೆಚ್ಚು ಸೀಳುಗಳನ್ನು ಮುಟ್ಟಿ ಹೆಚ್ಚು ಅನಿಲವನ್ನು ಬಸಿಯುತ್ತದೆ. ಪ್ರತಿಯೊಂದು ರಂಧ್ರವೂ ಎಲ್ಲಿ ಹೊರಟು ಎಲ್ಲಿಗೆ ಸೇರಿತೆಂಬುದನ್ನು ಅಳೆದು ನಕ್ಷೆಯಲ್ಲಿ ದಾಖಲಿಸಬೇಕು. ಏಕೆಂದರೆ ಮುಂದೆ ಕಲ್ಲಿದ್ದಲು ಕಡಿಯುವವರು ಅರಿಯದೆ ಆ ರಂಧ್ರಕ್ಕೆ ತಾಗಿದರೆ ಅನಿಲ ಅವರ ಮುಖಕ್ಕೇ ನುಗ್ಗುತ್ತದೆ.

ನಾಲ್ಕನೆಯದು ಸಾಗಣೆ. ರಂಧ್ರದ ಬಾಯಿಗೆ ಕೇಸಿಂಗ್ ಪೈಪ್ ಇಳಿಸಿ ಸುತ್ತಲೂ ಸಿಮೆಂಟ್ ತುಂಬಿ ಭದ್ರಪಡಿಸಬೇಕು. ಅದಕ್ಕೆ ಮುಚ್ಚುವ ತೆರೆಯುವ ಕವಾಟ, ನೀರನ್ನೂ ಅನಿಲವನ್ನೂ ಬೇರ್ಪಡಿಸುವ ಸಾಧನ, ಅನಿಲವನ್ನು ಹೀರುವ ಪಂಪು ಇರಬೇಕು. ಕೊಳವೆಯ ಅಗಲವನ್ನು ಇಂದಿನ ಅನಿಲಕ್ಕಲ್ಲ, ನಾಳೆ ಬರಬಹುದಾದ ಅತಿ ಹೆಚ್ಚಿನ ಅನಿಲಕ್ಕೆ ಲೆಕ್ಕ ಹಾಕಬೇಕು. ಕೊಳವೆಯೊಳಗೆ ಮೀಥೇನಿನ ಪ್ರಮಾಣ ಸ್ಫೋಟದ ಮೇಲ್ಮಿತಿಗಿಂತ ಬಹಳ ಹೆಚ್ಚಿರಬೇಕು. ಶೇಕಡ 30ಕ್ಕಿಂತ ಕಡಿಮೆಯಾದುದನ್ನು ಸಾಗಿಸುವುದು ಅಪಾಯಕರವೆಂದು ಪರಿಗಣಿಸಲಾಗುತ್ತದೆ.

ಐದನೆಯದು ಪರೀಕ್ಷೆ. ಬಸಿದ ಮೇಲೆ ಮತ್ತೆ ತುಣುಕನ್ನು ತೆಗೆದು ಉಳಿದಿರುವ ಅನಿಲವನ್ನು ಅಳೆಯಬೇಕು. ನಿಗದಿಯಾದ ಮಿತಿಗೆ ಇಳಿದಿದ್ದರೆ ಮಾತ್ರ ಕಡಿಯಲು ಅನುಮತಿ. ಇಳಿಯದಿದ್ದರೆ ಇನ್ನಷ್ಟು ರಂಧ್ರಗಳು, ಇನ್ನಷ್ಟು ಕಾಲ. ಈ ಐದನೆಯ ಹಂತದಲ್ಲಿಯೇ ಯೋಜನೆಯ ಪ್ರಾಮಾಣಿಕತೆ ಪರೀಕ್ಷೆಗೆ ಒಳಗಾಗುತ್ತದೆ. ಏಕೆಂದರೆ ಕಾಯುವ ಪ್ರತಿಯೊಂದು ತಿಂಗಳಿಗೂ ಬಡ್ಡಿಯುಂಟು.

ಪೈಕ್ ರಿವರ್‌ನಲ್ಲಿ ನಡೆದುದು

ಪೈಕ್ ರಿವರ್ ಗಣಿ 2008ರ ನವೆಂಬರಿನಲ್ಲಿ ಉದ್ಘಾಟನೆಯಾಯಿತು. ಗಟ್ಟಿಬಂಡೆಯಲ್ಲಿ ಸುಮಾರು 2.3 ಕಿಲೋಮೀಟರ್ ಸುರಂಗ ಕೊರೆದು ಕಲ್ಲಿದ್ದಲಿನ ಪದರವನ್ನು ತಲುಪಲಾಗಿತ್ತು. ಆ ಪದರದ ಸ್ವಭಾವ ಯಾರಿಗೂ ತಿಳಿಯದುದಾಗಿರಲಿಲ್ಲ. ಅದೇ ಸೀಮೆಯ ಬ್ರನರ್ ಗಣಿಯಲ್ಲಿ 1896ರಲ್ಲಿ ನಡೆದ ಸ್ಫೋಟದಲ್ಲಿ 65 ಮಂದಿಯೂ, ಸ್ಟ್ರಾಂಗ್‌ಮನ್ ಗಣಿಯಲ್ಲಿ 1967ರಲ್ಲಿ 19 ಮಂದಿಯೂ ಸತ್ತಿದ್ದರು. ಹೀಗಿದ್ದರೂ ಪರ್ವತದ ಒಡಲನ್ನು ಅರಿಯಲು ಮೊದಲೇ ಕೊರೆದ ಅನ್ವೇಷಣೆಯ ಬಾವಿಗಳು ಸಾಲದಾಗಿದ್ದುವು. ಸುರಂಗ ಮುಂದುವರಿದಂತೆ ನಿರೀಕ್ಷಿಸದ ಕಡೆ ಬಂಡೆಯ ಜಾರುಗಳು ಎದುರಾದುವು, ಕೆಲಸ ತಡವಾಯಿತು, ವೆಚ್ಚ ಏರಿತು. 2009ರಲ್ಲಿ ಗಾಳಿಬಾವಿಯ ಕೆಳಭಾಗ ಕುಸಿಯಿತು. ಅದಕ್ಕೆ ಬದಲಿ ದಾರಿಯೊಂದನ್ನು ಕೊರೆದು ಜೋಡಿಸಲಾಯಿತು. ಬೆಟ್ಟದ ಹೊರಗೆ ಇರಬೇಕಾದ ಮುಖ್ಯ ಫ್ಯಾನನ್ನು ಗಣಿಯ ಒಳಗೇ ಇರಿಸಲಾಯಿತು. ಅನಿಲಭರಿತ ಕಲ್ಲಿದ್ದಲು ಗಣಿಯಲ್ಲಿ ಹಾಗೆ ಮಾಡಿದ್ದು ಜಗತ್ತಿನಲ್ಲಿಯೇ ಮೊದಲು.

ಅಡ್ಡರಂಧ್ರಗಳನ್ನು ಅಲ್ಲಿ ಕೊರೆಯದೆ ಇರಲಿಲ್ಲ. ಆದರೆ ಅವುಗಳ ಮುಖ್ಯ ಉದ್ದೇಶ ಅನಿಲವನ್ನು ಬಸಿಯುವುದಲ್ಲ, ಪದರ ಎತ್ತ ಸಾಗಿದೆ ಎಂದು ಹುಡುಕುವುದಾಗಿತ್ತು. ಮೊದಲು ಮಾಡಬೇಕಾಗಿದ್ದ ಅನ್ವೇಷಣೆಯನ್ನು ಕಡಿಯುವ ಹೊತ್ತಿನಲ್ಲಿ ಮಾಡಿದುದರ ಫಲವಿದು. ಹುಡುಕಲು ಕೊರೆದ ರಂಧ್ರಗಳಿಂದಲೂ ಮೀಥೇನ್ ಬಂದೇ ಬಂದಿತು. ಅದನ್ನು ಸಾಗಿಸಲು ಇದ್ದುದು ನಾಲ್ಕು ಇಂಚಿನ ಪೈಪು. ತೋಟಕ್ಕೆ ನೀರು ಹಾಯಿಸುವವರಿಗೆ ಗೊತ್ತಿದೆ, ಎಂಟು ಇಂಚಿನ ಪೈಪಿನ ಬಾಯಿ ನಾಲ್ಕು ಇಂಚಿನದರ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಆ ಪೈಪು ಸಾಲದು, ಬಸಿಯುವ ವ್ಯವಸ್ಥೆಯನ್ನೇ ಸುಧಾರಿಸಬೇಕೆಂದು ತಜ್ಞರು 2010ರಲ್ಲಿಯೇ ಎಚ್ಚರಿಸಿದ್ದರು. ಸುಧಾರಣೆ ಮುಂದಕ್ಕೆ ಹೋಯಿತು, ಕಲ್ಲಿದ್ದಲು ಕಡಿಯುವುದು ಮುಂದಕ್ಕೆ ಹೋಗಲಿಲ್ಲ. 2010ರ ಸೆಪ್ಟೆಂಬರಿನಲ್ಲಿ ನೀರಿನ ಪ್ರಬಲ ಧಾರೆಯಿಂದ ಕಲ್ಲಿದ್ದಲನ್ನು ಕೆಡವುವ ಕ್ರಮವೂ ಆರಂಭವಾಯಿತು. ಈ ಕ್ರಮದಲ್ಲಿ ಕಡಿಮೆ ಕಾಲದಲ್ಲಿ ದೊಡ್ಡ ಟೊಳ್ಳು ಉಂಟಾಗುತ್ತದೆ. ಟೊಳ್ಳಿನಲ್ಲಿ ಅನಿಲ ತುಂಬಿಕೊಳ್ಳುತ್ತದೆ.

ದುರಂತದ ವಿಚಾರಣೆಗೆ ನೇಮಿಸಿದ ರಾಯಲ್ ಕಮಿಷನ್ 2012ರಲ್ಲಿ ವರದಿ ನೀಡಿತು. ಸ್ಫೋಟಕ್ಕೆ ಹಿಂದಿನ 48 ದಿನಗಳಲ್ಲಿ ಮೀಥೇನ್ ಸ್ಫೋಟಕ ಪ್ರಮಾಣಕ್ಕೆ ಏರಿದುದರ 21 ವರದಿಗಳೂ, ಅದಕ್ಕಿಂತ ಕಡಿಮೆಯಾದರೂ ಅಪಾಯಕರವಾಗಬಲ್ಲ ಪ್ರಮಾಣದ 27 ವರದಿಗಳೂ ದಾಖಲೆಯಲ್ಲಿದ್ದುದನ್ನು ಅದು ಬಯಲಿಗೆ ತಂದಿತು. ಲೆಕ್ಕ ಹಾಕಿದರೆ ದಿನಕ್ಕೊಂದು ಎಚ್ಚರಿಕೆ. ಟೊಳ್ಳಿನಲ್ಲಿ ಸುಮಾರು 5,000 ಘನ ಮೀಟರ್ ಮೀಥೇನ್ ಸೇರಿತ್ತೆಂದೂ, ಮಾಳಿಗೆ ಕುಸಿದು ಅದು ಸುರಂಗಗಳಿಗೆ ನುಗ್ಗಿರಬಹುದೆಂದೂ ಆಯೋಗ ಅಭಿಪ್ರಾಯಪಟ್ಟಿತು. ಅಷ್ಟು ಮೀಥೇನ್ ಗಾಳಿಯೊಡನೆ ಬೆರೆತರೆ 50,000 ಘನ ಮೀಟರ್ ಅತ್ಯುಗ್ರ ಸ್ಫೋಟಕ ಮಿಶ್ರಣವಾಗುತ್ತದೆ. ಕಿಡಿ ಎಲ್ಲಿಂದ ಬಂದಿತೆಂಬುದನ್ನು ನಿಶ್ಚಿತವಾಗಿ ಹೇಳಲು ಆಯೋಗಕ್ಕೆ ಆಗಲಿಲ್ಲ. ಆದರೆ ಅನಿಲ ಅಷ್ಟು ಸೇರಿದ ಮೇಲೆ ಕಿಡಿಯನ್ನು ಹುಡುಕುವುದರಲ್ಲಿ ಹೆಚ್ಚಿನ ಅರ್ಥವಿಲ್ಲ. ಯಂತ್ರಗಳಿರುವ ಕಡೆ ಕಿಡಿ ಒಂದಲ್ಲ ಒಂದು ದಿನ ಹುಟ್ಟಿಯೇ ಹುಟ್ಟುತ್ತದೆ.

ತಪ್ಪು ಗಣಿಯ ಆಡಳಿತದ್ದು ಮಾತ್ರವಾಗಿರಲಿಲ್ಲ. ಇಡೀ ದೇಶದ ಗಣಿಗಳಿಗೆ ಆ ಕಾಲದಲ್ಲಿ ಇದ್ದವರು ಇಬ್ಬರೇ ಗಣಿ ಪರಿವೀಕ್ಷಕರು. ಉದ್ಯಮ ತನ್ನನ್ನು ತಾನೇ ನೋಡಿಕೊಳ್ಳುತ್ತದೆಂಬ ನಂಬಿಕೆಯಿಂದ ಸರ್ಕಾರ ಮೇಲ್ವಿಚಾರಣೆಯನ್ನು ಸಡಿಲಿಸಿತ್ತು. 29 ಜೀವಗಳು ಹೋದ ಮೇಲೆ 2013ರಲ್ಲಿ ಗಣಿಗಳಿಗೆ ಹೊಸ ನಿಯಮಗಳೂ ಕಾರ್ಮಿಕ ಸುರಕ್ಷತೆಗೆ ಪ್ರತ್ಯೇಕ ಸಂಸ್ಥೆಯೂ, 2015ರಲ್ಲಿ ಹೊಸ ಕಾನೂನೂ ಬಂದುವು. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತಾಯಿತು. ಹಣ ಪಾವತಿಗೆ ಪ್ರತಿಯಾಗಿ ಗಣಿಯ ಮುಖ್ಯಸ್ಥರ ಮೇಲಿನ ಮೊಕದ್ದಮೆಯನ್ನು ಕೈಬಿಟ್ಟಿದ್ದ ಒಪ್ಪಂದ ಕಾನೂನುಬಾಹಿರವೆಂದು ಆ ದೇಶದ ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ತೀರ್ಪಿತ್ತಿತು. ಮೃತರ ಕುಟುಂಬಗಳ ದೀರ್ಘ ಹೋರಾಟದ ಫಲವಾಗಿ 2019ರ ಮೇ ತಿಂಗಳಿನಲ್ಲಿ ಸುರಂಗವನ್ನು ಮತ್ತೆ ಪ್ರವೇಶಿಸಲಾಯಿತು. ಆದರೆ ಕಲ್ಲುಕುಸಿತದಾಚೆಗಿನ ಗಣಿಯೊಳಕ್ಕೆ ಹೋಗಲಾಗಲಿಲ್ಲ. 2021ರಲ್ಲಿ ಪೊಲೀಸರು ಬೆಟ್ಟದ ಮೇಲಿನಿಂದ ಬಾವಿಗಳನ್ನು ಕೊರೆಸಿ ಕ್ಯಾಮರಾ ಇಳಿಸಿದಾಗ ಕೆಲವರ ದೇಹಾವಶೇಷಗಳು ಕಾಣಿಸಿದುವು. ಗಣಿಗೆ ಮೊದಲು ಸಾಕಷ್ಟು ಕೊರೆಯದಿದ್ದ ಬಾವಿಗಳನ್ನು ಸತ್ತವರನ್ನು ಕಾಣಲು ಕೊರೆಯಬೇಕಾಯಿತು.

ಪೈಕ್ ರಿವರ್ ಕೊನೆಯ ಪಾಠವೂ ಆಗಲಿಲ್ಲ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನ ಗ್ರೋವನರ್ ಗಣಿ ಬಸಿಯುವ ವ್ಯವಸ್ಥೆಯಿದ್ದ ಆಧುನಿಕ ಗಣಿ. 2020ರ ಮೇ 6ರಂದು ಅಲ್ಲಿ ಮೀಥೇನ್ ಹೊತ್ತಿಕೊಂಡು ಐವರು ತೀವ್ರವಾಗಿ ಸುಟ್ಟುಗಾಯಗೊಂಡರು. ಬಸಿಯುವ ಶಕ್ತಿಯನ್ನು ಮೀರಿದ ವೇಗದಲ್ಲಿ ಕಲ್ಲಿದ್ದಲು ಕಡಿಯಲಾಗಿತ್ತೆಂಬುದು ವಿಚಾರಣಾ ಮಂಡಳಿಗೆ ಕಂಡುಬಂದಿತು. ಬಾವಿಗಳಿದ್ದರೆ ಸಾಲದು, ಕಡಿಯುವ ಕೈ ಬಾವಿಗಳ ಮಾತನ್ನು ಕೇಳಬೇಕು.

ಕಾಡಿನ ಮೇಲೆ ಹೊರಿಸಿದ ಹೊರೆ

ಪೈಕ್ ರಿವರ್ ಕಲ್ಲಿದ್ದಲು ಇದ್ದುದು ಸಂರಕ್ಷಿತ ಕಾಡಿನ ಅಡಿಯಲ್ಲಿ. ದುರಂತದ ನಂತರ ಒಂದು ಮಾತು ಕೇಳಿಬಂದಿತು. ಕಾಡನ್ನು ಉಳಿಸುವ ಹಟವಿಲ್ಲದಿದ್ದರೆ ಮೇಲಿನಿಂದಲೇ ಬಗೆದು ಕಲ್ಲಿದ್ದಲು ತೆಗೆಯಬಹುದಿತ್ತು, ಜನ ಸಾಯುತ್ತಿರಲಿಲ್ಲ ಎಂಬುದು ಆ ಮಾತು. ಪರಿಸರ ಚಳವಳಿಯಲ್ಲಿರುವವರು ಇದಕ್ಕೆ ಸಿಟ್ಟಾಗದೆ ಉತ್ತರ ಕೊಡಬೇಕು.

ಕಡಿದಾದ ಕಾಡಿನಲ್ಲಿ ಮೇಲಿನಿಂದ ಬಾವಿ ಕೊರೆಯುವುದು ಕಷ್ಟವೆಂಬುದು ಸತ್ಯ. ಯಂತ್ರಕ್ಕೆ ಸಮತಟ್ಟು ಜಾಗ ಬೇಕು, ರಸ್ತೆ ಬೇಕು. ಪ್ರತಿ ಬಾವಿಗೂ ಕಾಡಿನ ಒಂದು ತುಂಡು ಹೋಗುತ್ತದೆ. ಮಳೆಯ ಇಳಿಜಾರಿನಲ್ಲಿ ಮಣ್ಣು ಜಾರುತ್ತದೆ. ಪದರದಿಂದ ಮೇಲೆ ಬರುವ ನೀರು ಅನೇಕ ಕಡೆ ಉಪ್ಪಾಗಿರುತ್ತದೆ. ಅದನ್ನು ಹಳ್ಳಕ್ಕೆ ಬಿಡುವಂತಿಲ್ಲ. ಇವೆಲ್ಲ ಗುಡ್ಡನಾಡಿನಲ್ಲಿ ಬಾವಿ ಕೊರೆಯುವುದರ ನಿಜವಾದ ಬೆಲೆ. ಆದರೆ ಆ ಬೆಲೆಯನ್ನು ತೆರಲಾಗದಿದ್ದರೆ ಬರುವ ತೀರ್ಮಾನ ಯಾವುದು? ಅರಿಯದೆಯೇ ಅಗೆಯೋಣವೆಂಬುದಲ್ಲ, ಅರಿಯುವವರೆಗೆ ಅಗೆಯುವುದು ಬೇಡವೆಂಬುದು. ಪೈಪಿನ ಅಗಲವನ್ನು ಯಾವ ಕಾಡೂ ನಿರ್ಧರಿಸಲಿಲ್ಲ. 48 ಎಚ್ಚರಿಕೆಗಳನ್ನು ಬದಿಗಿಡಲು ಯಾವ ಮರವೂ ಹೇಳಲಿಲ್ಲ. ಸುರಂಗದೊಳಗಿನಿಂದಲೇ ಬಸಿಯುವ ರಂಧ್ರಗಳನ್ನು ಕೊರೆಯಲು ಒಂದು ಗಿಡವನ್ನೂ ಕಡಿಯಬೇಕಾಗಿರಲಿಲ್ಲ. ಕಾರ್ಮಿಕನ ಪ್ರಾಣಕ್ಕೂ ಕಾಡಿಗೂ ನಡುವೆ ಜಗಳ ಹಚ್ಚುವವರು ಮೂರನೆಯದೊಂದನ್ನು ಮರೆಮಾಚುತ್ತಾರೆ. ಅದು ಲಾಭದ ಆತುರ.

ಹೊರಬಂದ ಅನಿಲ ಎಲ್ಲಿಗೆ ಹೋಗಬೇಕು

ಬಸಿದ ಅನಿಲವನ್ನು ಆಕಾಶಕ್ಕೆ ಬಿಟ್ಟರೆ ಗಣಿ ಸುರಕ್ಷಿತವಾಗಬಹುದು, ಭೂಮಿ ಆಗುವುದಿಲ್ಲ. ನೂರು ವರ್ಷಗಳ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ 28 ಪಟ್ಟಿಗೂ ಹೆಚ್ಚು, ಇಪ್ಪತ್ತು ವರ್ಷಗಳ ಲೆಕ್ಕದಲ್ಲಿ 80 ಪಟ್ಟಿನಷ್ಟು ಶಾಖವನ್ನು ಹಿಡಿದಿಡುತ್ತದೆ. ಜಗತ್ತಿನ ಕಲ್ಲಿದ್ದಲು ಗಣಿಗಳು ವರ್ಷಕ್ಕೆ ಸುಮಾರು 4 ಕೋಟಿ ಟನ್ ಮೀಥೇನನ್ನು ವಾತಾವರಣಕ್ಕೆ ಸೇರಿಸುತ್ತಿವೆಯೆಂಬುದು ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜು. ಒಂದು ಕಿಲೋಗ್ರಾಂ ಮೀಥೇನನ್ನು ಉರಿಸಿದರೆ 2.75 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಉಂಟಾಗುತ್ತದೆ. ಹಾಗೆಯೇ ಬಿಟ್ಟರೆ ಅದೇ ಒಂದು ಕಿಲೋಗ್ರಾಂ 28 ಕಿಲೋಗ್ರಾಂಗೂ ಮಿಗಿಲಾದ ಹಾನಿಗೆ ಸಮ. ಆದುದರಿಂದ ಕನಿಷ್ಠಪಕ್ಷ ಉರಿಸಿಬಿಡಬೇಕು, ಸಾಧ್ಯವಾದರೆ ವಿದ್ಯುತ್ತಿಗೆ ಬಳಸಬೇಕು. ಆಸ್ಟ್ರೇಲಿಯದ ಆ್ಯಪಿನ್ ಮತ್ತು ಟವರ್ ಗಣಿಗಳಲ್ಲಿ 1990ರ ದಶಕದಿಂದಲೇ ಬಸಿದ ಅನಿಲದಿಂದ ವಿದ್ಯುತ್ ಉತ್ಪಾದನೆಯಾಯಿತು. ಜಾರ್ಖಂಡಿನ ಝರಿಯಾ ಕ್ಷೇತ್ರದ ಮೂನಿಡೀಹ್ ಗಣಿಯಲ್ಲಿಯೂ 2000ದ ದಶಕದಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಮೀಥೇನನ್ನು ಹೊರತೆಗೆದು ಬಳಸುವ ಪ್ರಾಯೋಗಿಕ ಯೋಜನೆ ನಡೆಯಿತು.

ಇದರಿಂದ ಕಲ್ಲಿದ್ದಲು ಶುದ್ಧವಾಯಿತೆಂದು ತಿಳಿಯಬಾರದು. ಬಸಿದು ಕಡಿದ ಕಲ್ಲಿದ್ದಲೂ ಕೊನೆಗೆ ಉರಿದು ಹೊಗೆಯಾಗುವುದೇ. ಆದರೆ ಗಣಿಗಳು ಇರುವಷ್ಟು ಕಾಲ ಅಲ್ಲಿ ಇಳಿಯುವವರು ಮನುಷ್ಯರು. ಅವರು ಸಂಜೆ ಮನೆಗೆ ಮರಳಬೇಕೆಂಬುದು ಪರಿಸರದ ಕಾಳಜಿಯಿಂದ ಬೇರೆಯಾದುದಲ್ಲ.

ಗುಡ್ಡದ ಜನ ಕೇಳಬೇಕಾದ ಪ್ರಶ್ನೆಗಳು

ಗಣಿಯಾಗಲಿ, ಸುರಂಗವಾಗಲಿ, ಗುಡ್ಡದ ಒಡಲನ್ನು ತೆರೆಯುವ ಯಾವುದೇ ಯೋಜನೆ ಬಂದಾಗ ಗ್ರಾಮಸಭೆಯಲ್ಲಿ ಕುಳಿತವರು ಕೆಲವು ಪ್ರಶ್ನೆಗಳನ್ನು ಕೇಳಬಹುದು. ಇವುಗಳಿಗೆ ಡಾಕ್ಟರೇಟ್ ಬೇಕಾಗಿಲ್ಲ.

ಒಳಗೆ ಏನಿದೆ ಎಂದು ತಿಳಿಯಲು ಎಷ್ಟು ಕಡೆ ಅಳೆದಿದ್ದೀರಿ, ಅಳತೆಯ ದಾಖಲೆ ಎಲ್ಲಿದೆ? ನೀರಾಗಲಿ ಅನಿಲವಾಗಲಿ, ಬಸಿಯುವ ವ್ಯವಸ್ಥೆ ಅಗೆತಕ್ಕೆ ಮೊದಲೇ ಸಿದ್ಧವಾಗುತ್ತದೆಯೇ? ಅಗೆಯುವ ವೇಗ ಬಸಿಯುವ ವೇಗವನ್ನು ಮೀರಿದರೆ ಕೆಲಸ ನಿಲ್ಲಿಸುವ ಅಧಿಕಾರ ಯಾರಿಗಿದೆ, ಆ ಅಧಿಕಾರಿಯ ಸಂಬಳ ಯಾರ ಕೈಯಲ್ಲಿದೆ? ಅಪಾಯದ ಅಂಕಿಗಳನ್ನು ಪ್ರತಿದಿನ ಯಾರು ಓದುತ್ತಾರೆ, ಕಾರ್ಮಿಕರಿಗೂ ಊರಿಗೂ ಅವು ತಿಳಿಯುತ್ತವೆಯೇ? ಒಳಗಿದ್ದವರು ಹೊರಬರಲು ಎರಡನೆಯ ದಾರಿ ಇದೆಯೇ, ಅದರಲ್ಲಿ ಒಮ್ಮೆಯಾದರೂ ನಡೆದು ನೋಡಿದ್ದಾರೆಯೇ? ಕೆಲಸ ಮುಗಿದ ಮೇಲೆ ಕೊರೆದ ಬಾವಿಗಳನ್ನು ಸಿಮೆಂಟಿನಿಂದ ಮುಚ್ಚುವವರು ಯಾರು, ಅದರ ಹಣವನ್ನು ಈಗಲೇ ತೆಗೆದಿರಿಸಲಾಗಿದೆಯೇ?

ಈ ಪ್ರಶ್ನೆಗಳನ್ನು ಕೇಳುವವರನ್ನು ಅಭಿವೃದ್ಧಿಯ ವಿರೋಧಿಗಳೆಂದು ಕರೆಯುವುದು ವಾಡಿಕೆಯಾಗಿದೆ. ಪೈಕ್ ರಿವರ್‌ನಲ್ಲಿ ಈ ಪ್ರಶ್ನೆಗಳನ್ನು ಸಮಯಕ್ಕೆ ಸರಿಯಾಗಿ, ಕೇಳಬೇಕಾದವರು, ಉತ್ತರ ಬರುವ ತನಕ ಕೇಳಿದ್ದರೆ 29 ಮನೆಗಳ ದೀಪ ಆರುತ್ತಿರಲಿಲ್ಲ. ಪೈಕ್ ರಿವರ್ ಗಣಿಯ ಸುತ್ತಲಿನ ನೆಲವನ್ನು 2015ರಲ್ಲಿ ಪಾಪರೋವಾ ರಾಷ್ಟ್ರೀಯ ಉದ್ಯಾನಕ್ಕೆ ಸೇರಿಸಲಾಯಿತು. ಮೃತರ ನೆನಪಿನ ಕಾಲುದಾರಿಯೊಂದು ಆ ಕಾಡಿನೊಳಗೆ ಹಾದುಹೋಗುತ್ತದೆ.

ಗುಡ್ಡ ತನ್ನ ಗುಟ್ಟನ್ನು ನಿಧಾನವಾಗಿ ಬಿಟ್ಟುಕೊಡುತ್ತದೆ. ಬಸಿದು ಮುಗಿಯುವ ತನಕ ಕಾಯಲಾರದವರಿಗೆ ಅದನ್ನು ತೆರೆಯುವ ಅರ್ಹತೆಯಿಲ್ಲ. ಈ ಒಂದು ಮಾತನ್ನು ವಿದ್ಯಾರ್ಥಿಗಳು ತಮ್ಮ ಟಿಪ್ಪಣಿ ಪುಸ್ತಕದಲ್ಲಿಯೂ, ಹಿರಿಯರು ಮುಂದಿನ ಗ್ರಾಮಸಭೆಯ ನೆನಪಿನಲ್ಲಿಯೂ ಇಟ್ಟುಕೊಳ್ಳಲಿ.